ಮಂಚದ ಅಂಚು

ನಮ್ಮ ಯಜಮಾನರಿಗೆ ದಿಂಬಿಗೆ ತಲೆ ತಾಗಿದರೆ ಸಾಕು, ನಿದ್ದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರಲ್ಲ, ಆ ಗಾದೆ ಕಟ್ಟಿದವರು ಯಾರೋ ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದು ಹೋಗಿರಬೇಕು. ಆಳು ದೊಡ್ಡವರು. ಎತ್ತರಕ್ಕೆ ಎತ್ತರ, ಅಗಲಕ್ಕೆ ಅಗಲ. ಆಟೋದಲ್ಲಿ ಅವರು ಒಂದು ಕಡೆ ಕೂತರೆ ಡ್ರೈವರು ಕನ್ನಡಿಯಲ್ಲಿ ನೋಡಿ, "ಸಾರ್, ವಸಿ ಮಧ್ಯಕ್ಕೆ ಬನ್ನಿ" ಅಂತಾನೆ. ನಾನೋ, ಮದುವೆ ದಿನ ಜರಿ ಸೀರೆ ಉಟ್ಟು ಬಂದಾಗ, "ಬರೀ ಸೀರೆ ನಡ್ಕೊಂಡು ಬರ್ತಾ ಇದೆಯಲ್ಲೋ, ಹುಡುಗಿ ಎಲ್ಲಿ?" ಅಂತ ಸೋದರಮಾವನಿಂದ ಗೇಲಿ ಮಾಡಿಸಿಕೊಂಡವಳು. ಮಗಳು ಹುಟ್ಟಿದ ಮೇಲೂ ಹಾಗೇ ಉಳಿದೆ. ಊಟಕ್ಕೇನೂ ಕಡಿಮೆ ಇಲ್ಲ, ಮೈಗೆ ಹತ್ತಲ್ಲ ಅಷ್ಟೆ.

ಇಂಥ ಇಬ್ಬರನ್ನು ಒಂದೇ ಹಾಸಿಗೆಯಲ್ಲಿ ಮಲಗಿಸಿದರೆ ಏನಾಗುತ್ತೆ ಅಂತ ಮದುವೆ ಮಾಡಿದ ಹಿರಿಯರು ಯಾರೂ ಯೋಚಿಸಲಿಲ್ಲ. ಮನೆತನ ನೋಡಿದರು, ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿದರು, ಕೆಲಸ ವಿಚಾರಿಸಿದರು. ಹಾಸಿಗೆ ಮಾತ್ರ ಯಜಮಾನರ ಕಡೆ ತಗ್ಗಿತು, ನನ್ನ ಕಡೆ ಎದ್ದಿತು. ನಡುವೆ ಇಳಿಜಾರು. ಕಣ್ಣಿಗೆ ನಿದ್ದೆ ಹತ್ತಿತೋ ಇಲ್ಲವೋ, ನಾನು ಉರುಳಿಕೊಂಡು ಹೋಗಿ ಅವರ ಬೆನ್ನಿಗೆ ಬಡಿಯುತ್ತಿದ್ದೆ. ಹೊಸದರಲ್ಲಿ ಅವರಿಗೆ ಅದು ಬಲು ಖುಷಿ. "ಏನಮ್ಮಾ, ಬಂದ್ಬುಟ್ಯಾ?" ಅಂತ ಕಾಡಿಸೋರು. ಬಂದಿದ್ದಲ್ಲ ಸ್ವಾಮಿ, ಬಿದ್ದಿದ್ದು. ಹೊಸ ಹೆಂಡತಿ ಅದನ್ನು ಹೇಗೆ ಹೇಳಬೇಕು? ನಕ್ಕು ಸುಮ್ಮನಾದೆ. ಒಂದು ಸಲ ಸುಮ್ಮನಾದರೆ ಮುಗಿಯಿತು, ಆಮೇಲೆ ಬಾಯಿ ತೆರೆಯುವುದು ಕಷ್ಟ.

ಕೊನೆಗೆ ನಾನೇ ಒಂದು ದಾರಿ ಕಂಡುಕೊಂಡೆ. ಹಾಸಿಗೆಯ ತುದಿಯಲ್ಲಿ ಮಲಗಿ, ಎಡಗೈಯಲ್ಲಿ ಮಂಚದ ಮರದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು. ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಹೋಗುವವರು ಕಂಬಿ ಹಿಡಿದ ಹಾಗೆ. ಎಚ್ಚರ ಇದ್ದಷ್ಟು ಹೊತ್ತು ಬೀಳಲ್ಲ. ನಿದ್ದೆ ಬಂದರೆ ಕೈ ಸಡಿಲುತ್ತೆ, ಸಡಿಲಿದರೆ ಬೀಳ್ತೀನಿ, ಬಿದ್ದರೆ ಎಚ್ಚರ. ಇದು ನನ್ನ ರಾತ್ರಿ. ಬೆಳಗ್ಗೆ ಎದ್ದಾಗ ಮಡಿಚಿದ ಬೆರಳು ಬಿಡಿಸಲು ಕೈಯನ್ನು ಬಿಸಿನೀರಿನಲ್ಲಿ ಅದ್ದಬೇಕಿತ್ತು. ಡಾಕ್ಟರು, "ಏನಾದರೂ ಭಾರ ಎತ್ತುತ್ತೀರಾ?" ಅಂತ ಕೇಳಿದರೆ ಏನು ಹೇಳಲಿ? ಇಲ್ಲ ಅಂದೆ.

ನಡುವೆ ಮಗಳು ಮಲಗುತ್ತಿದ್ದ ಕೆಲವು ವರ್ಷ ಮಾತ್ರ ಸುಖವಾಗಿದ್ದೆ. ಮಗುವಿನ ಆ ಕಡೆ ಈ ಕಡೆ ದಿಂಬು ಜೋಡಿಸಿ ಒಡ್ಡು ಕಟ್ಟಿದ್ದೆ. ಯಾಕೆ ಅಂತ ಯಾರೂ ಕೇಳಲಿಲ್ಲ, ಮಗು ಇದೆಯಲ್ಲ. ಅದು ಬೆಳೆದು ಅಜ್ಜಿಯ ರೂಮಿಗೆ ಹೋಯಿತು, ಆಮೇಲೆ ಓದಲು ಹಾಸ್ಟೆಲಿಗೆ ಹೋಯಿತು. ಒಡ್ಡು ಒಡೆಯಿತು. ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ದಿನ ನಾನು ಅತ್ತಿದ್ದರಲ್ಲಿ ಸ್ವಲ್ಪ ಪಾಲು ಅದಕ್ಕೂ ಇತ್ತು.

ಬೇರೆ ಮಲಗಬಾರದಿತ್ತೇ ಅಂತ ನೀವು ಕೇಳಬಹುದು. ನಮ್ಮಲ್ಲಿ ಹೆಂಡತಿ ಬೇರೆ ಮಲಗಬೇಕಾದರೆ ಒಂದು ನೆಪ ಇರಬೇಕು. ಬಾಣಂತನ ಆಗಬಹುದು, ಜ್ವರ ಆಗಬಹುದು, ಮನೆ ತುಂಬ ನೆಂಟರು ಬಂದಿರಬಹುದು. ಸುಮ್ಮನೆ ಮಲಗುವ ಹಾಗಿಲ್ಲ. ಒಂದು ದಿನ ಧೈರ್ಯ ಮಾಡಿ ಹಾಲಿನಲ್ಲಿದ್ದ ದಿವಾನದ ಮೇಲೆ ಮಲಗಿಬಿಟ್ಟೆ. ಬೆಳಗ್ಗೆ ಅತ್ತೆ ಕಾಫಿ ಲೋಟ ಕೈಗಿಡುತ್ತಾ, ಮೆತ್ತಗೆ, "ಏನಾರ ಮಾತು ಬಂತೇನಮ್ಮ ನಿಮ್ಮಿಬ್ರಿಗೂ?" ಅಂದರು. ನಾನು ಶಾಲೆಗೆ ಹೋಗಿ ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಚಾಮರಾಜಪುರಂನಿಂದ ನಾದಿನಿಯ ಫೋನು. "ಅತ್ತಿಗೆ, ಅಣ್ಣ ಏನಾದ್ರೂ ಅಂದ್ನಾ? ನನ್ನತ್ರ ಮುಚ್ಚಿಡ್ಬೇಡಿ." ಸಂಜೆ ನಮ್ಮಮ್ಮನ ಫೋನು, ಹಲೋ ಅನ್ನುವ ಮೊದಲೇ ಅಳು. ಒಂದು ರಾತ್ರಿ ದಿವಾನದ ಮೇಲೆ ಕಾಲು ಚಾಚಿದ್ದಕ್ಕೆ ಮೂರು ಮನೆ ಕದಡಿಹೋಯಿತು. ಅವತ್ತು ರಾತ್ರಿ ತೆಪ್ಪಗೆ ಹೋಗಿ ಮತ್ತೆ ಮಂಚದ ಅಂಚು ಹಿಡಿದೆ.

ಹಾಗಂತ ಗಂಡನಿಗೆ, ನೀವು ಭಾರ, ಅಂತ ಹೇಳಿಬಿಡುವ ಹಾಗೂ ಇರಲಿಲ್ಲ. ಅತ್ತೆಯ ಮನೆಯಲ್ಲಿ ಅದೊಂದು ಕಟ್ಟುನಿಟ್ಟು. ಉಣ್ಣುವವರ ತುತ್ತು ಎಣಿಸಬಾರದು, ಬೆಳೆದ ಮೈಯ ತೂಕ ಆಡಬಾರದು, ಆಡಿದರೆ ದೃಷ್ಟಿ. ಮಗ ಒಂದು ಚಪಾತಿ ಕಡಿಮೆ ತಿಂದರೆ ಸಾಕು, ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಅಂಥ ಮನೆಯಲ್ಲಿ ಸೊಸೆ ಗಂಡನನ್ನು ಭಾರ ಅಂದರೆ ಉಳಿಗಾಲ ಉಂಟೇ?

ಇಷ್ಟೆಲ್ಲ ಹೇಗೋ ನುಂಗಿಕೊಂಡು ಹೋಗುತ್ತಿದ್ದೆನೋ ಏನೋ. ಆದರೆ ಶಾಲೆಯಲ್ಲಿ ಕೂತಲ್ಲೇ ತೂಕಡಿಸಲು ಶುರು ಮಾಡಿದೆ. ನಾನು ಪ್ರೈಮರಿ ಶಾಲೆಯ ಟೀಚರು. ಒಂದು ಮಧ್ಯಾಹ್ನ ಮಕ್ಕಳಿಗೆ ಮಗ್ಗಿ ಹೇಳಿಸುತ್ತಾ ಕುರ್ಚಿಯಲ್ಲಿ ಕೂತವಳು ಹಾಗೇ ಮಲಗಿಬಿಟ್ಟಿದ್ದೇನೆ. ಆ ಪಾಪದ ಮಕ್ಕಳು ಮಗ್ಗಿಯನ್ನು ತಾವೇ ಹೇಳಿ ಮುಗಿಸಿ, ಕೈಕಟ್ಟಿ ಕೂತು, ನನ್ನನ್ನೇ ನೋಡುತ್ತಿದ್ದವು. ಕಣ್ಣು ಬಿಟ್ಟರೆ ಬಾಗಿಲಲ್ಲಿ ಹೆಡ್‌ಮಿಸ್ಸು. ಬೈಯಲಿಲ್ಲ. "ಇನ್ನೊಂದ್ಸಲ ಹಿಂಗಾದ್ರೆ ನಾನು ಮೇಲಿನವರಿಗೆ ಹೇಳ್ಬೇಕಾಗುತ್ತೆ ಮೇಡಂ" ಅಂದು ಹೋದರು. ಆ ಕೆಲಸ ನನ್ನದು. ಹೆಂಡತಿ, ಸೊಸೆ, ಅತ್ತಿಗೆ ಎಲ್ಲ ಆದ ಮೇಲೆ ನನ್ನದು ಅಂತ ಇದ್ದದ್ದು ಅದೊಂದೇ. ಅದೂ ಹೋದರೆ ಹಗಲಿಗೂ ಆ ಮನೆ, ರಾತ್ರಿಗೂ ಆ ಇಳಿಜಾರು.

ಅದೇ ದಿನಗಳಲ್ಲಿ ಹಾಸಿಗೆ ಹರಿಯಿತು. ನನ್ನ ಮದುವೆಯಲ್ಲಿ ತವರಿನವರು ಮಂಚದ ಜೊತೆ ಕೊಟ್ಟಿದ್ದ ಹತ್ತಿ ಹಾಸಿಗೆ. ಎಷ್ಟೋ ಸಲ ಹತ್ತಿ ಹಿಂಜಿಸಿ ತುಂಬಿಸಿದ್ದಾಗಿತ್ತು. ಇವರ ಜಾಗದಲ್ಲಿ ಹಳ್ಳ ಬಿದ್ದು, ಬಟ್ಟೆ ಸವೆದು, ಹತ್ತಿ ಹೊರಗೆ ಇಣುಕತೊಡಗಿತು. "ಇನ್ನೊಂದು ಕಿತ ತುಂಬಿಸಿದ್ರಾಯ್ತು" ಅಂದರು ಅತ್ತೆ. ಇವರು ಇದ್ದಕ್ಕಿದ್ದ ಹಾಗೆ, "ಬುಡಮ್ಮ, ಈಗೆಲ್ಲ ಎಂತೆಂಥದೋ ಬಂದವೆ. ಹೊಸದೇ ತರೋಣ" ಅಂದುಬಿಟ್ಟರು. ನನಗೆ ಓಡಿಹೋಗಿ ಅವರ ಕಾಲು ಹಿಡಿಯುವಷ್ಟು ಸಂತೋಷ. ಬಾಯಿ ಬಿಟ್ಟು ಹೇಳಲಾಗದ್ದನ್ನು ಈ ಹೊಸ ಹಾಸಿಗೆ ಮಾಡಿಕೊಡುತ್ತೆ ಅಂದುಕೊಂಡೆ. ಸ್ಟಾಫ್ ರೂಮಿನಲ್ಲಿ ಕೂತು ಫೋನಿನಲ್ಲಿ ಕದ್ದುಮುಚ್ಚಿ ಓದಿದೆ. ಗಂಡ ಹೆಂಡಿರ ತೂಕದಲ್ಲಿ ಬಹಳ ಅಂತರ ಇದ್ದರೆ ಮೆತ್ತನೆಯದು ಬೇಡ, ಗಟ್ಟಿಯಾದದ್ದು ಬೇಕು. ಅದಕ್ಕಿಂತ ಒಳ್ಳೆಯದು ಅಂದರೆ ಒಂದೇ ಮಂಚದ ಮೇಲೆ ಎರಡು ಬಿಡಿ ಹಾಸಿಗೆ ಜೋಡಿಸುವುದು. ಮೇಲೆ ಒಂದೇ ಹೊದಿಕೆ ಹಾಸಿದರೆ ಯಾರಿಗೂ ಗೊತ್ತಾಗಲ್ಲ. ಒಂದೇ ಮಂಚ, ಒಂದೇ ರೂಮು, ಯಾರ ಮರ್ಯಾದೆಯೂ ಹೋಗಲ್ಲ, ನಾನೂ ಬೀಳಲ್ಲ! ಆ ಒಂದು ವಾರ ನಾನು ಆ ಎರಡು ಹಾಸಿಗೆಯದೇ ಕನಸು ಕಂಡೆ.

ಭಾನುವಾರ ಅಂಗಡಿಗೆ ಹೊರಟಾಗ ನೋಡುತ್ತೇನೆ, ಅತ್ತೆ ರೇಷ್ಮೆ ಅಂಚಿನ ಸೀರೆ ಉಟ್ಟು, ಹಣೆಗೆ ಅಗಲವಾಗಿ ವಿಭೂತಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ದಾರಿಯಲ್ಲಿ ನಾದಿನಿಯನ್ನೂ ಹತ್ತಿಸಿಕೊಂಡೆವು. ಹಾಸಿಗೆ ಕೊಳ್ಳುವುದು ಅಂದರೆ ಸುಮ್ಮನೇನಾ, ಮನೆಯ ಕೆಲಸ.

ಅಂಗಡಿಯವನು ಒಳ್ಳೆಯ ಮಾತುಗಾರ. ಬಂದವನೇ ಮೊದಲು ಕೇಳಿದ ಮಾತು, "ಯಾರು ಮಲಗೋದು? ಸಾರು, ಮೇಡಂ? ಇಬ್ಬರ ತೂಕ ಎಷ್ಟು ಹೇಳಿಬಿಡಿ, ಅದಕ್ಕೆ ತಕ್ಕಂಗೆ ತೋರಿಸ್ತೀನಿ."

ನಾನು ಒಂದು ಹೆಜ್ಜೆ ಮುಂದೆ ಬಂದೆ. ಕೇಳಿದನಲ್ಲ ಮಹಾರಾಯ, ಅಂತ.

"ಅಯ್ಯೋ ಶಿವನೇ, ಅದ್ಯಾಕಪ್ಪ ನಿಂಗೆ?" ಅಂದರು ಅತ್ತೆ. "ಮೈ ತೂಕ ಯಾರಾದ್ರೂ ಅಂಗಡೀಲಿ ನಿಂತ್ಕೊಂಡು ಹೇಳ್ತಾರಾ? ನೀನು ಹಾಸಿಗೆ ತೋರ್ಸು."

ಅವನು ಇವರ ಮುಖ ನೋಡಿದ. ಇವರು ಮೇಲಿನ ಫ್ಯಾನು ನೋಡುತ್ತಾ, "ಇಬ್ರದೂ ಒಂದೇ ಸುಮಾರು ಬರ್ಕೊಳ್ರಿ" ಅಂದರು. ಒಂದೇ ಸುಮಾರಂತೆ! ಅಂಗಡಿಯವನು ನನ್ನನ್ನು ಒಮ್ಮೆ, ಇವರನ್ನು ಒಮ್ಮೆ ನೋಡಿ ಕೆಮ್ಮಿದ. ನಾನು ಚಪ್ಪಲಿ ನೋಡಿಕೊಂಡೆ. ಅವನು ಒಂದು ಮೆತ್ತನೆಯ ಹಾಸಿಗೆಯ ಹತ್ತಿರ ಕರೆದುಕೊಂಡು ಹೋದ.

"ಮಲಗಿ ನೋಡಿ ಸಾರ್. ಮೇಡಂ, ನೀವೂ ಪಕ್ಕದಲ್ಲಿ ಮಲಗಿ. ಇಬ್ಬರೂ ಮಲಗಿದ್ರೇ ಗೊತ್ತಾಗೋದು."

ಮುಂದೆ ಅಷ್ಟುದ್ದದ ಗಾಜು. ಗಾಜಿನ ಆಚೆ ರಸ್ತೆ, ಬಸ್ ಸ್ಟಾಪು. ಅಲ್ಲಿ ಬಸ್ಸಿಗೆ ಕಾದು ನಿಂತವರೆಲ್ಲರ ಮುಖ ನಮ್ಮ ಕಡೆಗೇ. ಇವರು ಬಾಗಿ, ಹಲಸಿನಹಣ್ಣು ಕೊಳ್ಳುವವರ ಹಾಗೆ ಹಾಸಿಗೆಯನ್ನು ಎರಡು ಸಲ ತಟ್ಟಿ, ಒಂದು ಸಲ ಒತ್ತಿ, "ಚೆನ್ನಾಗೈತೆ" ಅಂದರು. ನಾನು ಮಲಗಿಬಿಡಲೇ ಅಂದುಕೊಂಡೆ. ನಿಜವಾಗಿ ಅಂದುಕೊಂಡೆ. ಇವರ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೆಡವಿಕೊಂಡರೆ, ನಾನು ಉರುಳುವುದನ್ನು ಎಲ್ಲರೂ ನೋಡುತ್ತಾರೆ, ಮಾತೇ ಬೇಕಾಗಿಲ್ಲ. ಸೆರಗು ಕೂಡ ಸಿಕ್ಕಿಸಿಕೊಂಡೆ.

"ಥೂ, ಬೀದಿ ಎದುರಿಗೆ ಗಂಡ ಹೆಂಡ್ತಿ ಮಲಗೋದುಂಟಾ?" ಅಂದರು ಅತ್ತೆ. "ಬಾರೇ, ನಾವೇ ನೋಡ್ಬುಡಾಣ" ಅಂತ ತಮ್ಮ ಮಗಳನ್ನು ಕರೆದರು.

ಹೀಗೆ, ನಾವಿಬ್ಬರು ಮಲಗಬೇಕಾದ ಹಾಸಿಗೆಯ ಮೇಲೆ ಅತ್ತೆ ಮತ್ತು ನಾದಿನಿ ಚಪ್ಪಲಿ ಬಿಟ್ಟು, "ಶಿವಾ" ಅಂತ ಮಲಗಿದರು. ತಾಯಿ ಮಗಳು ಇಬ್ಬರೂ ಸಣ್ಣ ಆಳು, ನನ್ನ ಹಾಗೇ. ಹಾಸಿಗೆ ಒಂದು ಕೂದಲೆಳೆಯಷ್ಟೂ ವಾಲಲಿಲ್ಲ. ಅತ್ತೆ ಮಾತ್ರ ತೀರ ತುದಿಯಲ್ಲಿ ಮಲಗಿ, ಕೈಯಲ್ಲಿ ಅಂಗಡಿ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. "ಇದ್ಯಾಕಮ್ಮ, ಜೋಕಾಲಿ ಮೇಲೆ ಕೂತಂಗೆ ಹಿಡ್ಕೊಂಡಿದೀಯ?" ಅಂತ ನಾದಿನಿ ನಕ್ಕಳು. "ಹೊಸ ಜಾಗ ಅಲ್ವೇನೇ" ಅಂತ ಅತ್ತೆಯೂ ನಕ್ಕರು. ಅಂಗಡಿಯವನು ನಕ್ಕ, ಇವರು ನಕ್ಕರು. ನಾನೂ ನಕ್ಕೆ.

ಕಡೆಯ ಪ್ರಯತ್ನ ಅಂತ ನಾನು, "ಎರಡು ಬಿಡಿ ಬಿಡಿ ಹಾಸಿಗೆ ಸಿಗುತ್ತಂತಲ್ಲ, ಜೋಡಿಸೋ ಅಂಥದು…" ಅಂದೆ. ಅಂಗಡಿಯವನು ಹುರುಪಿನಿಂದ, "ಇದೆ ಮೇಡಂ, ಅದೇ ಬೆಸ್ಟು. ಅವರು ಮಗ್ಗುಲು ಬದಲಾಯಿಸಿದ್ರೆ ನಿಮಗೆ ಗೊತ್ತೇ ಆಗಲ್ಲ" ಅಂದ. ಅತ್ತೆ ಎದ್ದು ಕೂತರು. "ಗೊತ್ತೇ ಆಗ್ದಂಗೆ ಮಲಗೋಕೆ ಅದೇನು ಛತ್ರವೇನಪ್ಪ? ಸಂಸಾರಸ್ಥರ ಮಂಚದ ಮೇಲೆ ಹಾಸಿಗೆ ಸೀಳಬಾರ್ದು" ಅಂದರು. ಇವರು ನನ್ನ ಕಡೆ ತಿರುಗಿ, "ನಿದ್ದೆ ಬಂದೋರಿಗೆ ಹಾಸಿಗೆ ಎಂಥದಾದ್ರೇನು ಬುಡೇ" ಅಂದರು. ಅವರಿಗೆ ಬರುತ್ತೆ, ಅವರು ಅಂತಾರೆ.

"ಹತ್ತು ವರ್ಷ ಗ್ಯಾರಂಟಿ" ಅಂತ ಅಂಗಡಿಯವನು ಆಶೀರ್ವಾದ ಮಾಡುವವರ ಹಾಗೆ ಹೇಳಿದ. ನನಗೆ ಕೋರ್ಟಿನಲ್ಲಿ ಶಿಕ್ಷೆ ಓದಿದ ಹಾಗೆ ಕೇಳಿಸಿತು. ಆದರೆ ಜೊತೆಗೇ ಇನ್ನೊಂದು ಮಾತು ಹೇಳಿದ. ಮಲಗಿ ನೋಡಿ, ಹಿಡಿಸಲಿಲ್ಲ ಅಂದರೆ ತಿಂಗಳೊಳಗೆ ವಾಪಸ್ ಕೊಡಬಹುದು, ಕಲೆಗಿಲೆ ಆಗಿರಬಾರದು ಅಷ್ಟೆ. ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡ ಹಾಗೆ ಮನಸ್ಸಿನಲ್ಲಿ ಇಟ್ಟುಕೊಂಡೆ.

ಹಾಸಿಗೆ ಮನೆಗೆ ಬಂದಾಗ ನಾನು ಶಾಲೆಯಲ್ಲಿದ್ದೆ. ಸಂಜೆ ಬಂದು ನೋಡಿದರೆ ಪ್ಲಾಸ್ಟಿಕ್ ಕಿತ್ತಾಗಿತ್ತು, ಹಾಸಿಗೆ ಮಂಚ ಏರಿತ್ತು. ಬೆಳ್ಳಗಿನ ಹಾಸಿಗೆಯ ನಾಲ್ಕೂ ಮೂಲೆಗೆ ಅತ್ತೆ ಅರಿಶಿನ ಕುಂಕುಮ ಹಚ್ಚಿದ್ದರು. ಬರೀ ಬೊಟ್ಟಲ್ಲ, ನೀರಲ್ಲಿ ಕಲಸಿ, ಹೊಸಿಲಿಗೆ ಹಚ್ಚುವ ಹಾಗೆ, ಧಾರಾಳವಾಗಿ. ನಡುವೆ ಮೂರು ಬೆರಳಿನ ವಿಭೂತಿ. ಪಕ್ಕದಲ್ಲಿ ಊದುಬತ್ತಿ ಇನ್ನೂ ಉರಿಯುತ್ತಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಹೊಸ ವಸ್ತು, ಪೂಜೆ ಮಾಡ್ದೆ ಎಂಗೆ ಮಲಗ್ತೀರಿ?" ಅಂದರು ಅತ್ತೆ, ಕೈ ಒರೆಸಿಕೊಳ್ಳುತ್ತಾ. ಸ್ಕೂಟರಿಗೆ ಮಾಡಿದ್ದಾರೆ, ಮಿಕ್ಸಿಗೆ ಮಾಡಿದ್ದಾರೆ, ಹಾಸಿಗೆಗೆ ಬಿಡ್ತಾರಾ?

ಆ ರಾತ್ರಿಯೇ ಗೊತ್ತಾಯಿತು, ಹಳೆಯದೇ ದೇವರಂಥದು ಅಂತ. ಹತ್ತಿ ಕೊನೆಗೂ ಹತ್ತಿ, ಎಲ್ಲೋ ಒಂದು ಕಡೆ ಗಂಟು ಕಟ್ಟಿ ಕಾಲಿಗೆ ಆಸರೆ ಕೊಡುತ್ತಿತ್ತು. ಇದು ನುಣ್ಣಗೆ, ಮೆತ್ತಗೆ, ಇವರು ಮಲಗಿದ ಕಡೆ ತೊಟ್ಟಿಲ ಹಾಗೆ ಇಳಿದು ನನ್ನನ್ನು ಜಾರಿಸಿಕೊಂಡು ಹೋಯಿತು. ಮಂಚದ ಪಟ್ಟಿ ಹಿಡಿಯೋಣ ಅಂದರೆ ಹಾಸಿಗೆ ಎತ್ತರ, ಕೈ ಪೂರ್ತಿ ಇಳಿಬಿಟ್ಟರೆ ಮಾತ್ರ ಸಿಕ್ಕುತ್ತಿತ್ತು. ಮಾರನೇ ದಿನವೇ ಅಂಗಡಿಗೆ ಫೋನು ಮಾಡಿದೆ. ಮನೆಯಲ್ಲಿ, ವಾಸನೆ ಬರುತ್ತೆ, ತಲೆನೋವು, ಅಂತ ಹೇಳಿದೆ. ಅಂಗಡಿಯಿಂದ ಬಂದವನು ಹೊದಿಕೆ ಎತ್ತಿ ನೋಡಿ ಕೈ ಮುಗಿದ. "ಮೇಡಂ, ಇಷ್ಟೊಂದು ಕಲೆ ಆಗಿದೆಯಲ್ಲ, ತಗೊಳ್ಳಲ್ಲ."

"ಕಲೆ ಅಂತೀಯೇನೋ ಅರಿಶಿನ ಕುಂಕುಮಾನ? ನಿಮ್ಮನೇಲಿ ಹೆಣ್ಮಕ್ಕಳಿಲ್ವಾ?" ಅಂತ ಅತ್ತೆ ಜಗಳಕ್ಕೇ ನಿಂತರು. ಅವನು ಮತ್ತೊಮ್ಮೆ ಕೈ ಮುಗಿದು ಹೊರಟುಹೋದ. ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಯಾರ ಮೇಲೆ ಸಿಟ್ಟು ಮಾಡಲಿ? ಒಬ್ಬರಾದರೂ ಕೆಟ್ಟವರಿದ್ದರೆ ಬೈಯಬಹುದಿತ್ತು. ಎಲ್ಲರೂ ಒಳ್ಳೆಯವರು, ಎಲ್ಲರೂ ನನ್ನ ಒಳ್ಳೆಯದಕ್ಕೇ ಮಾಡಿದ್ದು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ. ಹತ್ತು ವರ್ಷ.

ಶಾಲೆಯಲ್ಲಿ ಕೂರುವುದನ್ನೇ ಬಿಟ್ಟೆ. ಕೂತರೆ ನಿದ್ದೆ ಅನ್ನುವ ಭಯಕ್ಕೆ ಇಡೀ ದಿನ ನಿಂತೇ ಪಾಠ ಮಾಡುತ್ತಿದ್ದೆ. ಹೆಡ್‌ಮಿಸ್ಸು ವರಾಂಡದಲ್ಲಿ ಹಾದರೆ ಜೋರಾಗಿ ಮಾತಾಡುತ್ತಿದ್ದೆ.

ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದೆ. ಅತ್ತೆಯ ರೂಮಿನ ಫ್ಯಾನು ಕೆಟ್ಟು ಎರಡು ದಿನವಾಗಿತ್ತು. ಸೆಕೆ ತಡೆಯಲಾಗದೆ ನಮ್ಮ ರೂಮಿಗೆ ಬಂದು ಮಲಗಿದ್ದರು. ನಾನು ಬ್ಯಾಗು ಇಡಲು ಒಳಗೆ ಹೋದವಳು ಅಲ್ಲೇ ನಿಂತೆ.

ಅಷ್ಟಗಲದ ಹಾಸಿಗೆ. ಅತ್ತೆ ಒಬ್ಬರೇ. ಆದರೂ ತುದಿಯಲ್ಲಿ, ಇನ್ನೊಂದು ಗೇಣು ಸರಿದರೆ ಕೆಳಗೆ, ಅಷ್ಟು ತುದಿಯಲ್ಲಿ ಮಲಗಿದ್ದರು. ಎಡಗೈ ಕೆಳಗೆ ಇಳಿಬಿಟ್ಟು ಮಂಚದ ಪಟ್ಟಿಯನ್ನು ಹಿಡಿದಿತ್ತು. ಗಾಢ ನಿದ್ದೆ, ಸಣ್ಣಗೆ ಗೊರಕೆ ಬೇರೆ. ಕೈ ಮಾತ್ರ ಬಿಟ್ಟಿರಲಿಲ್ಲ. ಗೆಣ್ಣುಗಳು ಬೆಳ್ಳಗಾಗಿದ್ದವು.

ಮಾವನವರು ತೀರಿಕೊಂಡು ಎಷ್ಟೋ ವರ್ಷ. ನಾನು ಅವರನ್ನು ನೋಡಿದ್ದು ಹಾಲಿನ ಫೋಟೋದಲ್ಲಿ ಮಾತ್ರ. ಫೋಟೋದಲ್ಲೇ ಚೌಕಟ್ಟಿಗೆ ಹಿಡಿಸದಷ್ಟು ಭಾರಿ ಆಳು. ಇವರಪ್ಪ ಅಲ್ಲವೇ.

ಅತ್ತೆ ಎಚ್ಚರಗೊಂಡು ನನ್ನನ್ನು ನೋಡಿ ಗಡಬಡಿಸಿ ಏಳಲು ಹೋದರು. ಕೈ ಬಿಡಲು ಬರಲಿಲ್ಲ. ನಾನು ನೆಲದ ಮೇಲೆ ಕೂತು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತಿಕ್ಕಿದೆ. ಹೇಗೆ ತಿಕ್ಕಬೇಕು ಅಂತ ನನಗೆ ಚೆನ್ನಾಗಿ ಗೊತ್ತಲ್ಲ.

"ಮಾವನವರ ಕಾಲದಿಂದಾನಾ ಅತ್ತೆ?" ಅಂದೆ.

ಅವರು ನನ್ನ ಮುಖ ನೋಡಲಿಲ್ಲ. ನನ್ನ ಕೈಯಲ್ಲಿದ್ದ ತಮ್ಮ ಕೈ ನೋಡಿದರು. ಆಮೇಲೆ ನನ್ನ ಎಡಗೈಯನ್ನು ತಿರುಗಿಸಿ, ಬೆರಳಿನ ಬುಡದಲ್ಲಿ ಪಟ್ಟಿ ಹಿಡಿದು ಹಿಡಿದು ಕಟ್ಟಿದ್ದ ದಡ್ಡನ್ನು ಹೆಬ್ಬೆರಳಿನಿಂದ ಸವರಿದರು. ಅಂದರೆ ಅವರಿಗೆ ಗೊತ್ತಾಯಿತು.

"ಅಭ್ಯಾಸ ಆಯ್ತದೆ ಬುಡಮ್ಮ," ಅಂದರು. ಸಮಾಧಾನಕ್ಕೇ ಅಂದರು, ಪಾಪ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಭಯ ಆಯಿತು. ಅವರ ಪಕ್ಕ ಖಾಲಿ ಬಿದ್ದಿದ್ದ ಹಾಸಿಗೆ ನೋಡಿ ಆದಷ್ಟು ಭಯ ನನಗೆ ಎಂದೂ ಆಗಿರಲಿಲ್ಲ.

ಸಂಜೆ ಇವರು ಬಂದರು. ಅತ್ತೆ ಹಾಲಿನಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಇವರು ಇನ್ನೂ ಶೂ ಬಿಚ್ಚುತ್ತಿದ್ದರು, ನಾನು ಎದುರಿಗೆ ಹೋಗಿ ನಿಂತೆ.

"ನೀವು ಭಾರ ಕಣ್ರೀ," ಅಂದೆ. "ಹಾಸಿಗೆ ನಿಮ್ಮ ಕಡೆ ಇಳಿಯುತ್ತೆ. ನಾನು ಬೀಳ್ತೀನಿ. ಮದುವೆ ಆದಾಗಿನಿಂದ ಬೀಳ್ತಾನೇ ಇದೀನಿ. ನನಗೆ ಬೇರೆ ಹಾಸಿಗೆ ಬೇಕು."

ಶೂ ಕೈಯಲ್ಲಿ ಹಿಡಿದುಕೊಂಡೇ ಇವರು ನನ್ನನ್ನು ನೋಡಿದರು. ಮುಖ ಕೆಂಪಗಾಯಿತು, ಆಮೇಲೆ ಸಣ್ಣದಾಯಿತು. "ಇಷ್ಟು ದಿನ ಹೇಳ್ಬಾರ್ದಿತ್ತೇನೇ?" ಅಂದರು. ಅಂದು, ಯಾವತ್ತೂ ನೋಡುವ ಹಾಗೆ ತಾಯಿಯ ಕಡೆ ನೋಡಿದರು. ದೃಷ್ಟಿ, ಮರ್ಯಾದೆ, ಸೀಳಬಾರದು, ಎಲ್ಲ ಈಗ ಬರುತ್ತೆ ಅಂತ ನಾನೂ ನೋಡಿದೆ.

ಅತ್ತೆ ತಲೆ ಎತ್ತಲಿಲ್ಲ. ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು.

"ಕೊಡ್ಸೋ ಅವಳಿಗೆ," ಅಂದರು. "ನಿಮ್ಮಪ್ಪನ್ನ ನಾನು ಕೇಳ್ಲೇ ಇಲ್ಲ. ಕೇಳಿದ್ರೆ ಕೊಡಿಸ್ತಿದ್ರೋ ಏನೋ."